ದೊಡ್ಡವರಿಗಿಂತ ಮೊದಲು

ತರಬೇತಿ ಯಾರ್ಡ್, ತಗಡಿನ ಕೋಣೆ
ಗುರುವಾರ, ತಾರೀಕು ಹದಿನಾಲ್ಕು, ಊಟದ ಬಿಡುವು

ಪ್ರೀತಿಯ ರೀ,

ಹೀಗೆ ಶುರುಮಾಡಿದ್ದಕ್ಕೆ ನಗುತ್ತೀರಿ ಅಂತ ಗೊತ್ತು. ನಗಿ. ಮದುವೆಯಾಗಿ ಇಷ್ಟು ವರ್ಷವಾದರೂ ಕಾಗದದ ನೆತ್ತಿಯ ಮೇಲೆ ನಿಮ್ಮ ಹೆಸರು ಬರೆಯಲು ನನ್ನ ಕೈ ಏಳುವುದಿಲ್ಲ. 'ರೀ' ಅಂತ ಬರೆದರೆ ಮಾತ್ರ ನೀವು ತಿರುಗಿ ನೋಡಿದ ಹಾಗೆ ಅನ್ನಿಸುತ್ತದೆ. ಹೇಗಿದ್ದೀರಿ? ಸೊಂಟ ಹೇಗಿದೆ? ಹೋದ ಕಾಗದದಲ್ಲಿ 'ಪರವಾಗಿಲ್ಲ' ಅಂತ ಒಂದೇ ಮಾತು ಬರೆದು ಕೈ ತೊಳೆದುಕೊಂಡಿದ್ದೀರಿ. ನೀವು ಪರವಾಗಿಲ್ಲ ಅಂದಾಗಲೆಲ್ಲ ಏನೋ ಇದೆ ಅಂತಲೇ ನಾನು ಲೆಕ್ಕ ಹಾಕುವುದು. ಆ ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಬೆನ್ನಿನ ಮೇಲೆ ಬೆವರುಸಾಲೆ ಮತ್ತೆ ಎದ್ದಿದೆಯಾ? ಕಿವಿಗೆ ಕೊಟ್ಟಿರುವ ಮುಚ್ಚಳ ಹಾಕಿಕೊಳ್ಳುತ್ತೀರಾ, ಇಲ್ಲ ಜೇಬಲ್ಲೇ ಇಟ್ಟುಕೊಂಡು ಓಡಾಡುತ್ತೀರಾ? ನೀರು ಕುಡಿಯಿರಿ. ಚಹಾ ನೀರಲ್ಲ, ನೀರು ಅಂದರೆ ನೀರು.

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ. ಮಗಳ ಮುಂದಿನ ಹಲ್ಲು ಬಿತ್ತು. ಹಲ್ಲು ಹೋದರೂ ಮಾತು ಮಾತ್ರ ನಿಂತಿಲ್ಲ, ಈಗ ಉಗುಳಿನ ಸಮೇತ ಬರುತ್ತದೆ. ಸ್ಕೂಲಿನಲ್ಲಿ ಟೀಚರ್ ನನ್ನನ್ನು ಕರೆಸಿ, "ಬುದ್ಧಿವಂತೆ, ಆದ್ರೆ ಬೇರೆ ಮಕ್ಕಳಿಗೂ ಒಂದೆರಡು ಉತ್ತರ ಬಿಟ್ಟುಕೊಡೋಕೆ ಹೇಳಿ" ಅಂದರು. ಅದನ್ನು ಮನೆಯಲ್ಲಿ ಹೇಳಿದರೆ ನಿಮ್ಮ ಅಣ್ಣ, ಅದೇ ನಮ್ಮ ಭಾವ, ಎದೆಯುಬ್ಬಿಸಿಕೊಂಡು "ನಮ್ಮ ರಕ್ತ!" ಅಂತ ಮೇಜು ಕುಟ್ಟಿದರು. ಅಕ್ಕನ ಮಂಡಿನೋವು ಹಾಗೇ ಇದೆ. ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ ಇಟ್ಟುಕೊಂಡು ಮಹಡಿ ಹತ್ತುತ್ತಾರೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಭಾವ ತಾವೇ ರಿಪೇರಿ ಮಾಡಿದರು, ಈಗ ಮೊದಲಿಗಿಂತ ಜೋರಾಗಿ ಸೋರುತ್ತಿದೆ. ಯಾರೂ ಅವರಿಗೆ ಹೇಳಿಲ್ಲ. ಕೆಳಗೆ ಒಂದು ಬಕೆಟ್ ಇಟ್ಟಿದ್ದೇವೆ.

ನಿಮಗೆ ಬರೆಯಬೇಕಾದ್ದು ಬೇರೆ. ಬಾಯಲ್ಲಿ ಒಂದು ಮಾತೂ ಬಾರದವಳು ಕಾಗದ ಸಿಕ್ಕರೆ ಬಿಡುವುದಿಲ್ಲ ಅಂತ ನೀವೇ ಹಂಗಿಸುತ್ತೀರಲ್ಲ, ಇವತ್ತು ಸ್ವಲ್ಪ ಸಹಿಸಿಕೊಳ್ಳಿ. ಮಧ್ಯಾಹ್ನ ಮೂರು ಗಂಟೆಗೆ ನನ್ನ ಕುತ್ತಿಗೆಗೆ ಬಂದಿದೆ. ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ಇನ್ನು ಯಾರ ಹತ್ತಿರ ಹೇಳಲಿ?

ಬಂದರು ದೊಡ್ಡದು ಮಾಡುವುದಕ್ಕೆ ಆಚೆ ದಡದವರ ಮನೆಗಳನ್ನು ತೆಗೆಸಿದ್ದು ನಿಮಗೆ ಗೊತ್ತು. ದೋಣಿ ಕಟ್ಟಲೂ ಜಾಗ ಉಳಿಯಲಿಲ್ಲ ಅವರಿಗೆ. ಬದಲಿಗೆ ಮನೆಗೊಬ್ಬರಿಗೆ ಕೆಲಸ ಕೊಡುತ್ತೇವೆ, ತರಬೇತಿ ಪಾಸಾಗಬೇಕು ಅಷ್ಟೇ ಅಂತ ಕಂಪನಿಯವರು ಮಾತು ಕೊಟ್ಟರು. ಹಾಗೆ ಬಂದ ಹನ್ನೊಂದು ಜನ ಈಗ ನನ್ನ ಕ್ಲಾಸಿನಲ್ಲಿದ್ದಾರೆ. ಕ್ರೇನಿನ ಕೊಕ್ಕೆಗೆ ಸಾಮಾನು ಕಟ್ಟುವುದು, ಕೆಳಗೆ ನಿಂತು ಕೈಸನ್ನೆ ಮಾಡುವುದು, ಇಷ್ಟು ಕಲಿಸಬೇಕು. ಅವರಲ್ಲಿ ಹಿರಿಯರೊಬ್ಬರಿದ್ದಾರೆ. ಐವತ್ತು ದಾಟಿದೆ, ಒಂದು ಕಾಲದಲ್ಲಿ ದೋಣಿ ದಾಟಿಸುತ್ತಿದ್ದವರು. ಎಲ್ಲರೂ ದೊಡ್ಡಪ್ಪ ಅಂತಾರೆ, ಈಗ ನಾನೂ ಹಾಗೇ ಕರೆಯುತ್ತೇನೆ. ಎಲ್ಲರಿಗಿಂತ ಚಿಕ್ಕವಳು ಒಬ್ಬಳು, ಮೈಯಲ್ಲಿ ಪಾವು ಮಾಂಸವಿಲ್ಲ, ಹೆಲ್ಮೆಟ್ ಹಾಕಿಕೊಂಡರೆ ಮೂಗಿನವರೆಗೆ ಇಳಿಯುತ್ತದೆ. ಅವಳಿಗೆ ನಾನೇ ಗುಬ್ಬಿ ಅಂತ ಹೆಸರಿಟ್ಟೆ. ತಲೆ ಮಾತ್ರ ಕತ್ತರಿಯ ಹಾಗೆ ಓಡುತ್ತದೆ.

ಮೊದಲ ವಾರ ಇವರನ್ನು ನೋಡಿ ಬೇರೆ ಮೇಷ್ಟ್ರುಗಳು ತಲೆ ಚಚ್ಚಿಕೊಂಡರು. ಪ್ರಶ್ನೆ ಕೇಳಿದರೆ ಉತ್ತರವಿಲ್ಲ. ಅರ್ಥವಾಯಿತಾ ಅಂದರೆ ತಲೆಯಾಡಿಸುತ್ತಾರೆ. ಸಂದೇಹ ಇದ್ದರೆ ಕೇಳಿ ಅಂದರೆ ನೆಲ ನೋಡುತ್ತಾರೆ. ನನಗೆ ಮಾತ್ರ ತವರುಮನೆಗೆ ಹೋದ ಹಾಗಾಯಿತು. ನಮ್ಮಪ್ಪ ಮರಗೆಲಸ ಕಲಿಸಿದ್ದು ಹೀಗೇ ಅಲ್ಲವೇ? ಅವರ ಹಿಂದೆ ನಿಂತು ನೋಡಬೇಕು. ಕೈಗೆ ಯಾವತ್ತು ಉಳಿ ಕೊಡುತ್ತಾರೋ ಅವತ್ತು ನೀನು ಕಲಿತೆ ಅಂತ ಅರ್ಥ. ನಡುವೆ ಪ್ರಶ್ನೆ ಕೇಳಿದರೆ "ನಾನು ತೋರಿಸಿದ್ದು ಸಾಲ್ದೇನೋ" ಅನ್ನುತ್ತಿದ್ದರು, ಕೋಪದಿಂದಲ್ಲ, ನೋವಿನಿಂದ. ನಮ್ಮ ಮನೆಯಲ್ಲಿ ಅಪ್ಪನಿಗಿಂತ ಮೊದಲು ಬಾಯಿ ತೆರೆಯುವುದೆಂದರೆ ಅಪ್ಪನ ತಟ್ಟೆಗೆ ಕೈ ಹಾಕಿದ ಹಾಗೆ. ಆ ಮನೆಯಿಂದ ನಿಮ್ಮ ಮನೆಗೆ ಬಂದವಳು ನಾನು! ನಾಲ್ಕು ಜನ ಒಟ್ಟಿಗೆ ಮಾತಾಡಿ, ಐದನೆಯವರು ಎಲ್ಲರಿಗೂ ಉತ್ತರ ಕೊಟ್ಟು, ಯಾರೂ ಯಾರದ್ದೂ ಕೇಳಿಸಿಕೊಳ್ಳದೆ ಸಂತೋಷವಾಗಿ ಊಟ ಮುಗಿಸುವ ಮನೆ. ಬಂದ ಹೊಸದರಲ್ಲಿ ನಾನು ಸುಮ್ಮನೆ ಊಟ ಮಾಡಿದರೆ ಅಕ್ಕ ಬಂದು "ಯಾಕಮ್ಮಾ, ಮುನಿಸಾ?" ಅಂತ ಕೇಳುತ್ತಿದ್ದರು. ಹೊಟ್ಟೆ ತುಂಬ ಸಂತೋಷವಾಗಿದ್ದಾಗಲೂ ನನ್ನನ್ನು ಸಮಾಧಾನ ಮಾಡುತ್ತಿದ್ದರು, ಪಾಪ.

ಯಾರ್ಡಿನಲ್ಲಿ ನನಗೆ ಕೆಲಸ ಕಲಿಸಿದವರು ಭಾವ, ಅದನ್ನು ನಾನು ಮರೆಯುವುದಿಲ್ಲ. ಹೆಂಗಸು ಕ್ರೇನಿನ ಕೆಳಗೆ ನಿಲ್ಲುವುದುಂಟೇ ಅಂತ ಎಲ್ಲರೂ ನಕ್ಕಾಗ "ನನ್ನ ತಮ್ಮನ ಹೆಂಡತಿ, ನಾನು ಕಲಿಸ್ತೀನಿ, ನಿಮಗೇನು ಕಷ್ಟ?" ಅಂತ ಇಡೀ ಬಂದರಿಗೆ ಕೇಳುವ ಹಾಗೆ ಕೂಗಿದವರು ಅವರು. ಕಲಿಸಿದ್ದೂ ಕೂಗಿಯೇ. "ಬಾಯಿದ್ಯೋ ಇಲ್ವೋ? ನಿಲ್ಸಿ ಅಂತ ಕೂಗು! ಇನ್ನೂ ಜೋರಾಗಿ!" ನಾನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು 'ನಿಲ್ಸಿ ನಿಲ್ಸಿ' ಅಂತ ಅಭ್ಯಾಸ ಮಾಡಿದ್ದು, ನೀವು ಹೊರಗಿನಿಂದ "ಏನೇ, ನೀರು ನಿಲ್ಸಬೇಕಾ?" ಅಂತ ಬಾಗಿಲು ಬಡಿದದ್ದು ನೆನಪಿದೆಯಾ? ಭಾವನ ಎಡಗೈಯ ಎರಡು ಬೆರಳು ಹೋದದ್ದೂ, ಅವರ ಜೊತೆಗಾರನ ಕಾಲು ಹೋದದ್ದೂ ಒಬ್ಬ ಸಹಾಯಕ ಬಾಯಿ ಬಿಡದಿದ್ದರಿಂದ. ಹಗ್ಗ ಜಾರುತ್ತಿರುವುದು ಅವನಿಗೆ ಕಂಡಿತ್ತು, ದೊಡ್ಡವರಿಗೆ ತಾನು ಹೇಗೆ ಹೇಳುವುದು ಅಂತ ಸುಮ್ಮನಿದ್ದ. ಆಮೇಲೆ ಭಾವ ಗೋಡೆಯ ಮೇಲೆ ಬರೆಸಿದ್ದು: 'ಗೊತ್ತಿಲ್ಲದಿದ್ದರೆ ಕೇಳು. ತಪ್ಪು ಕಂಡರೆ ಕೂಗು.' ಆ ಗೋಡೆಯ ಎದುರಿಗೇ ಕೂತು ಇದನ್ನು ಬರೆಯುತ್ತಿದ್ದೇನೆ. ಆ ಮಾತು ತಪ್ಪು ಅಂತ ಹೇಗೆ ಹೇಳಲಿ ಹೇಳಿ.

ಮೊನ್ನೆ ಮಂಗಳವಾರ ಬಾಯಿಪರೀಕ್ಷೆ ಇತ್ತು. ಈ ಕೋಣೆಯಲ್ಲೇ. ಭಾವ ತಮ್ಮ ಮುಖ್ಯಸ್ಥರ ಕುರ್ಚಿಯಲ್ಲಿ, ಪಕ್ಕದಲ್ಲಿ ಯಾರ್ಡಿನ ಎಂಜಿನಿಯರು, ಬಾಗಿಲ ಹತ್ತಿರ ನಾನು. ಹನ್ನೊಂದು ಜನ ತಾವಾಗಿಯೇ ವಯಸ್ಸಿನ ಪ್ರಕಾರ ಸಾಲಾಗಿ ನಿಂತರು, ಈ ತುದಿಗೆ ದೊಡ್ಡಪ್ಪ, ಆ ತುದಿಗೆ ಗುಬ್ಬಿ. ಭಾವ ಕೇಳಿದ್ದು ತೀರ ಸುಲಭದ ಪ್ರಶ್ನೆ. ಒಂದು ಭಾರವನ್ನು ಎರಡು ಹಗ್ಗದಿಂದ ಕೊಕ್ಕೆಗೆ ಕಟ್ಟಿದ್ದೀರಿ, ಹಗ್ಗಗಳ ಮಧ್ಯೆ ಅಂತರ ಅಗಲ ಮಾಡಿದರೆ ಒಂದೊಂದು ಹಗ್ಗದ ಮೇಲೂ ಎಳೆತ ಜಾಸ್ತಿಯಾಗುತ್ತೋ ಕಡಿಮೆಯಾಗುತ್ತೋ? ನಮ್ಮ ಕೆಲಸದಲ್ಲಿ ಅ ಆ ಇ ಈ ಇದ್ದ ಹಾಗೆ ಇದು. ಜಾಸ್ತಿಯಾಗುತ್ತೆ, ಅಷ್ಟೇ ಉತ್ತರ. ದೊಡ್ಡಪ್ಪ "ಗೊತ್ತಿಲ್ಲ ಸಾರ್" ಅಂದರು. ಅವರಿಗೆ ನಿಜವಾಗಿಯೂ ಗೊತ್ತಿಲ್ಲ ರೀ. ಎಷ್ಟು ಸಲ ಹೇಳಿಕೊಟ್ಟರೂ ಅವರ ತಲೆಗೆ ಹೋಗುವುದಿಲ್ಲ, ಹೆದರಿಕೆ ಬೇರೆ. ಭಾವ ಮುಂದಿನವನನ್ನು ಕೇಳಿದರು. "ಗೊತ್ತಿಲ್ಲ." ಅದರ ಮುಂದಿನವಳು. "ಗೊತ್ತಿಲ್ಲ." ಹಾಗೇ ಸಾಲುದ್ದಕ್ಕೂ ಹೋಗಿ ಗುಬ್ಬಿಯ ಹತ್ತಿರ ಬಂತು. ಹಿಂದಿನ ದಿನ ತಾನೇ ಸೀಮೆಸುಣ್ಣದಿಂದ ನೆಲದ ಮೇಲೆ ಅದೇ ಚಿತ್ರ ಬರೆದು ನನಗೆ ತೋರಿಸಿದ್ದಳು ಆ ಕಳ್ಳಿ. ಅವಳೂ ನೆಲ ನೋಡಿಕೊಂಡು "ಗೊತ್ತಿಲ್ಲ ಸಾರ್" ಅಂದಳು.

ಭಾವನ ಮುಖ ಕೆಂಡ. "ಹನ್ನೊಂದು ಜನಕ್ಕೂ ಒಂದೇ ರೋಗವಾ? ಇಲ್ಲ ಎಲ್ಲಾ ಸೇರಿ ನನ್ನ ಆಡಿಸ್ತಿದ್ದೀರಾ?" ಅಂತ ಕೂಗಿದರು. ಎಂಜಿನಿಯರು, ಇದು ಮೊದಲೇ ಮಾತಾಡಿಕೊಂಡು ಬಂದದ್ದು, ತೆಗೆಸಿದ ಮನೆಗೆ ಬದಲಾಗಿ ಒಳ್ಳೇ ಮನೆ ಸಿಗಲಿಲ್ಲ ಅಂತ ಕಿತಾಪತಿ ಅಂದರು. ನನಗೆ ಅಲ್ಲೇ ಗೊತ್ತಾಯಿತು. ದೊಡ್ಡಪ್ಪ ಗೊತ್ತಿಲ್ಲ ಅಂದ ಮೇಲೆ ಅವರ ಎದುರಿಗೆ ನನಗೆ ಗೊತ್ತು ಅಂತ ಹೇಗೆ ಹೇಳುವುದು? ಆ ಮುದುಕನನ್ನು ಒಂಟಿ ಮಾಡಿ ಪಾಸಾಗುವುದಕ್ಕಿಂತ ಹತ್ತು ಜನವೂ ಫೇಲಾಗುವುದು ಮರ್ಯಾದೆ ಅಂದುಕೊಂಡರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಹೇಳಿಬಿಡೋಣ ಅಂತ ಬಾಯಿ ತೆರೆದೆ. ಎದುರಿಗೆ ಭಾವ, ಅವರ ಪಕ್ಕದಲ್ಲಿ ಹೊರಗಿನವರಾದ ಎಂಜಿನಿಯರು. ಭಾವನಿಗೆ ಅರ್ಥವಾಗದ್ದು ನನಗೆ ಅರ್ಥವಾಗಿದೆ ಅಂತ ಅವರ ಎದುರಿಗೆ ಹೇಗೆ ಹೇಳಲಿ? ತೆರೆದ ಬಾಯಿ ಮುಚ್ಚಿದೆ. ನೋಡಿ ನನ್ನ ಹಣೆಬರಹ! ಅವರು ಹನ್ನೊಂದು ಜನ ಮಾಡಿದ್ದನ್ನೇ ಬಾಗಿಲ ಹತ್ತಿರ ನಿಂತು ಹನ್ನೆರಡನೆಯವಳಾಗಿ ನಾನೂ ಮಾಡಿದೆ.

ನಿನ್ನೆ ಸಂಜೆ ಊಟದ ಹೊತ್ತಿಗೆ ಭಾವನಿಗೆ ಹೇಳಲು ಹೋದೆ. "ಭಾವ, ಆ ದೊಡ್ಡಪ್ಪ ಇದ್ದಾರಲ್ಲ" ಅಂದೆ. ಅಷ್ಟೇ ನನ್ನ ಪಾಲಿಗೆ ಸಿಕ್ಕ ಜಾಗ. "ಅವನೇ ಮುಖ್ಯ ಅಂತೀಯಾ? ನಂಗೂ ಅದೇ ಅನುಮಾನ! ಅವನೇ ಎಲ್ಲರನ್ನೂ ಕೆಡಿಸಿದ್ದು. ಉಪ್ಪು ಕೊಡು. ಟಿವಿ ಸ್ವಲ್ಪ ಜೋರು ಮಾಡಮ್ಮಾ." ಅಕ್ಕ, "ವಯಸ್ಸಾದವರಿಗೆ ಈ ಕೆಲಸ ಯಾಕಂತೆ, ನನ್ನ ಮಂಡೀನೇ ನೋಡಿ" ಅಂತ ಅಲ್ಲಿಂದ ಮಾತನ್ನು ಮಂಡಿಗೆ ತಂದರು. ಮಗಳು ಅದರ ಮೇಲೆ ತನ್ನ ಹಲ್ಲಿನ ಕಥೆ ಹೇಳಿದಳು. ಅರ್ಧ ನಿಮಿಷದಲ್ಲಿ ನನ್ನ ಮಾತು ನನಗೇ ಗುರುತು ಸಿಗದ ಹಾಗಾಗಿ ತಟ್ಟೆಯ ಮುಂದೆ ಬಂದು ಬಿತ್ತು. ನಾನು ಉಪ್ಪು ಕೊಟ್ಟೆ, ಟಿವಿ ಜೋರು ಮಾಡಿದೆ.

ಊಟವಾದ ಮೇಲೆ ಭಾವ ಅಡುಗೆಮನೆಗೇ ಬಂದರು, ಮೆಲ್ಲಗೆ ಮಾತಾಡಿದರು, ಅಂದರೆ ಪಕ್ಕದ ಮನೆಗೆ ಮಾತ್ರ ಕೇಳುವಷ್ಟು. ಇವತ್ತು ಕಂಪನಿಯಿಂದ ಇಬ್ಬರು ಅಧಿಕಾರಿಗಳು ಬರುತ್ತಾರಂತೆ. ಇವರು ಯಾರೂ ಈ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ತರಬೇತಿಯವರು ಹೇಳಬೇಕಂತೆ. "ಅದನ್ನ ನೀನೇ ಹೇಳು. ಬರೋ ವರ್ಷ ನಾನು ಕೆಲಸ ಬಿಡ್ತೀನಿ, ಆ ಕುರ್ಚೀಲಿ ನೀನು ಕೂರಬೇಕು ಅಂತ ನನ್ನ ಆಸೆ. ಕೂರೋರು ಕಹಿ ಮಾತು ಹೇಳೋದನ್ನೂ ಕಲೀಬೇಕಮ್ಮಾ, ಮೌನಗೌರಿ ಹಾಗೆ ಎಷ್ಟು ದಿನ ಇರ್ತೀಯ?" ಅಂದು ನನ್ನ ತಲೆ ಮೇಲೆ ಕೈಯಿಟ್ಟರು, ಮೂರು ಬೆರಳಿನ ಕೈ. ನನ್ನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಅಂದುಕೊಂಡು ಹೋದರು.

ಅವರನ್ನು ಕಳಿಸಿಬಿಟ್ಟರೆ ಕಂಪನಿಗೆ ಒಳ್ಳೆಯದೇ ಆಯಿತು. ಕೆಲಸ ಕೊಡುತ್ತೇವೆ ಅಂದೆವು, ಅವರೇ ಪಾಸಾಗಲಿಲ್ಲ ಅನ್ನಬಹುದು. ದೋಣಿಯೂ ಇಲ್ಲ, ಕೆಲಸವೂ ಇಲ್ಲ. ಇದೆಲ್ಲ ಗೊತ್ತಿದ್ದೂ ಸುಮ್ಮನಿರುವುದು ಮಹಾ ಅನ್ಯಾಯ. ಆದರೆ ನನ್ನ ಸಂಕಟ ಅಷ್ಟಕ್ಕೇ ಮುಗಿಯುವುದಿಲ್ಲ. ಇವರ ಪರವಾಗಿ ನಾನು ಮಾತಾಡಿ, ಇವರು ಉಳಿದುಕೊಂಡು, ನಾಳೆ ಯಾರ್ಡಿನಲ್ಲಿ ದೊಡ್ಡಪ್ಪ ತಪ್ಪು ಸನ್ನೆ ಮಾಡಿದರೆ ಗುಬ್ಬಿ ಕೂಗುತ್ತಾಳಾ? ನಿನ್ನೆ ಬೆಳಿಗ್ಗೆ ನಾನೇ ಪರೀಕ್ಷೆ ಮಾಡಿ ನೋಡಿದೆ. ಕೊಕ್ಕೆಗೆ ಮರಳಿನ ಚೀಲ ಕಟ್ಟಿಸಿ, ದೊಡ್ಡಪ್ಪನಿಗೆ ಬೇಕೆಂದೇ ತಪ್ಪು ಸನ್ನೆ ಮಾಡಲು ಹೇಳಿದೆ, ಬೇರೆಯವರಿಗೆ ಗೊತ್ತಿಲ್ಲದ ಹಾಗೆ. ಚೀಲ ಗೋಡೆಯ ಕಡೆಗೆ ಹೊರಟಿತು. ಗುಬ್ಬಿಗೆ ಕಂಡಿತು, ನನಗೆ ಅವಳ ಕಣ್ಣಿನಲ್ಲೇ ಗೊತ್ತಾಯಿತು. ಕೂಗಲಿಲ್ಲ. ಓಡಿಹೋಗಿ ದೊಡ್ಡಪ್ಪನ ಪಕ್ಕ ನಿಂತು ಅವರ ಮೊಣಕೈ ಮುಟ್ಟಿದಳು. ದೊಡ್ಡಪ್ಪ ಆ ಕ್ಷಣವೇ ಕೈ ಇಳಿಸಿದರು. ಅವರ ದೋಣಿಯಲ್ಲಿ ಹಾಗೇ ಅಂತೆ, ಚಿಕ್ಕವರು ತಪ್ಪು ಕಂಡರೆ ಹುಟ್ಟು ಹಾಕುವವರ ಮೊಣಕೈ ಮುಟ್ಟುತ್ತಾರೆ, ನಾಲ್ಕು ಜನರ ಎದುರು ಕೂಗುವುದಿಲ್ಲ. ಚೆನ್ನಾಗೇ ಇದೆ. ಆದರೆ ಚೀಲ ಅಷ್ಟರಲ್ಲಿ ಗೋಡೆಗೆ ಬಡಿದು ಮರಳೆಲ್ಲ ಸುರಿದಿತ್ತು. ಅಲ್ಲಿ ಮರಳಿನ ಬದಲು ಕಬ್ಬಿಣ ಇದ್ದಿದ್ದರೆ, ಗೋಡೆಯ ಬದಲು ಮನುಷ್ಯ ಇದ್ದಿದ್ದರೆ? ಭಾವನ ಬೆರಳುಗಳು ನನ್ನ ಕಣ್ಣ ಮುಂದೆ ಬಂದವು.

ಆಗಿನಿಂದ ತಲೆಯಲ್ಲಿ ಒಂದೇ ಸುತ್ತು. ಭಾವ ಹೇಳುವುದು, "ಎಲ್ಲರಿಗೂ ಒಂದೇ ಪರೀಕ್ಷೆ, ಒಂದೇ ಅಳತೆ, ಅದಕ್ಕಿಂತ ನ್ಯಾಯ ಯಾವುದು?" ಸರಿ, ಆದರೆ ಆ ಅಳತೆ ಮಾಡಿದವರು ಯಾರು? ನಿಮ್ಮ ಮನೆಯವರಂಥವರು, ಬಾಯಿಂದ ಬಂದದ್ದೇ ಬುದ್ಧಿ ಅಂದುಕೊಂಡವರು. ಹಾಗಂತ ನನ್ನ ತವರಿನ ಅಳತೆಯೇ ಸರಿ ಅಂತಲೂ ನಾನು ಹೇಳಲಾರೆ, ಮರಳಿನ ಚೀಲ ನೋಡಿದ ಮೇಲೆ. ಇನ್ನೊಂದು ವಿಷಯ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಎಲ್ಲರೂ ಮಾತಾಡುತ್ತಾರೆ ಅಂತ ಇಷ್ಟು ವರ್ಷ ನಾನೂ ನಂಬಿದ್ದೆ. ನಲ್ಲಿ ಸೋರುತ್ತಿದೆ ಅಂತ ಅಣ್ಣನಿಗೆ ಯಾರು ಹೇಳಿದರು? ನೀವು ಹಡಗು ಹತ್ತಿದ್ದು ಸಂಬಳಕ್ಕೆ ಅಂತ ಅವರು ಇವತ್ತಿಗೂ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಅವರ ಕೈಕೆಳಗೆ ಕ್ರೇನ್ ನಡೆಸುವುದು, ದಿನವೆಲ್ಲ ಎಲ್ಲರೆದುರು ಬೈಸಿಕೊಳ್ಳುವುದು ನಿಮಗೆ ಆಗಲಿಲ್ಲ, ಅದನ್ನು ಹೇಳಲೂ ಆಗಲಿಲ್ಲ, ಅದಕ್ಕೇ ಸಮುದ್ರಕ್ಕೆ ಹೋದಿರಿ ಅನ್ನುವುದು ನನಗೊಬ್ಬಳಿಗೆ ಗೊತ್ತು. ಯಾರಿಗೂ ಹೇಳಬೇಡ ಅಂತ ಮಗಳ ತಲೆ ಮೇಲೆ ನನ್ನ ಕೈ ಇಡಿಸಿದ್ದೀರಿ. ಅಷ್ಟು ಗದ್ದಲದ ಮನೆಯಲ್ಲೂ ದೊಡ್ಡವರಿಗಿಂತ ಮೊದಲು ಮಾತಾಡಿದವರು ಯಾರೂ ಇಲ್ಲ ರೀ. ಗದ್ದಲ ಮಾಡುತ್ತೀರಿ ಅಷ್ಟೇ.

ನನಗೆ ಒಂದು ದಾರಿ ಹೊಳೆದಿದೆ. ಗುಬ್ಬಿಗೆ 'ಕೂಗು' ಅಂತ ನಾನು ಸಾವಿರ ಸಲ ಹೇಳಿದರೂ ಅವಳು ಕೂಗುವುದಿಲ್ಲ. ದೊಡ್ಡಪ್ಪ ಒಂದು ಸಲ 'ನಾನು ತಪ್ಪಿದರೆ ಕೂಗಮ್ಮಾ' ಅಂದರೆ ಕೂಗುತ್ತಾಳೆ, ಯಾಕೆಂದರೆ ಆಗ ಕೂಗುವುದೇ ಹಿರಿಯರ ಮಾತು ಕೇಳಿದ ಹಾಗೆ. ಇದನ್ನು ಮಾಡಿ ನೋಡಲು ನನಗೆ ಒಂದು ತಿಂಗಳು ಬೇಕು. ಆ ಒಂದು ತಿಂಗಳು ಕೇಳಬೇಕಾದರೆ ಅಧಿಕಾರಿಗಳ ಎದುರಿಗೆ ಭಾವ ತಪ್ಪು ತಿಳಿದಿದ್ದಾರೆ ಅನ್ನಬೇಕು. ಅವರ ಅನ್ನ ತಿಂದು, ಅವರು ಕಲಿಸಿದ ಕೆಲಸ ಮಾಡುತ್ತಾ, ಅವರ ಮನೆಯ ಮಹಡಿಯಲ್ಲಿ ಮಲಗುತ್ತಾ. ಹೇಳಿದರೆ ಮನೆಯಲ್ಲಿ ಮುಖ ಎತ್ತಿ ನಡೆಯಲಾರೆ, ಹೇಳದಿದ್ದರೆ ಯಾರ್ಡಿನಲ್ಲಿ. ಬೆಳಗ್ಗೆಯಿಂದ ಗುಬ್ಬಿ ನನ್ನ ಕಡೆಗೆ ನೋಡುತ್ತಿಲ್ಲ. ಅವರಿಗೆ ಸುದ್ದಿ ಮುಟ್ಟಿದೆ. ದೊಡ್ಡಪ್ಪ ಮಾತ್ರ ಬಂದು "ಟೀಚರಮ್ಮಾ, ನನ್ನೊಬ್ಬನ್ನ ಕಳಿಸಿದ್ರೆ ಸಾಕಾಗಲ್ವಾ?" ಅಂತ ಕೇಳಿದರು. ನಾನು ಊಟ ಆಯ್ತಾ ಅಂತ ಕೇಳಿ ಕಳಿಸಿದೆ.

ಗಂಟೆ ಹೊಡೆಯುತ್ತಿದೆ. ನೀವಿಲ್ಲಿ ಇದ್ದಿದ್ದರೆ "ಬಾಯಿ ಬಿಟ್ಟು ಹೇಳೇ, ಏನಾಗುತ್ತೆ?" ಅನ್ನುತ್ತಿದ್ದಿರಿ. ಅಣ್ಣನ ಎದುರಿಗೆ ಮಾತ್ರ ಅನ್ನುತ್ತಿರಲಿಲ್ಲ. ಸೊಂಟ ನೋಡಿಕೊಳ್ಳಿ, ಭಾರ ಎತ್ತಬೇಡಿ. ಮಗಳು ಬಿದ್ದ ಹಲ್ಲನ್ನು ನಿಮಗೆ ತೋರಿಸಲು ಬೆಂಕಿಪೊಟ್ಟಣದಲ್ಲಿಟ್ಟಿದ್ದಾಳೆ, ಕಳಿಸು ಅಂತ ಹಟ ಮಾಡಿದಳು, ನಾನು ಒಪ್ಪಲಿಲ್ಲ. ಅಕ್ಕ, ಭಾವ ನಿಮ್ಮನ್ನು ಕೇಳಿದ್ದಾರೆ, ದಿನವೂ ಕೇಳುತ್ತಾರೆ. ನೀವಿರುವ ಕಡೆ ಸಮುದ್ರ ಸುಮ್ಮನಿರಲಿ.

ನಿಮ್ಮ
ಮೌನಗೌರಿ

ಮ.ಮಾ.: ಅಂಚೆಗೆ ಹಾಕಲು ಆಗಲಿಲ್ಲ, ಈಗ ಸಂಜೆ, ಮನೆಯ ಅಡುಗೆಕಟ್ಟೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಬೈಯಬೇಡಿ. ಮೂರು ಗಂಟೆಗೆ ಬಂದವರಲ್ಲಿ ಒಬ್ಬರು ಹೆಂಗಸು. ಭಾವ ಹನ್ನೊಂದು ಜನರನ್ನೂ ಮತ್ತೆ ಸಾಲು ನಿಲ್ಲಿಸಿ, "ನೀವೇ ಕಿವಿಯಾರೆ ಕೇಳಿ ಮೇಡಂ" ಅಂತ ಅದೇ ಪ್ರಶ್ನೆ ಕೇಳಿದರು. ದೊಡ್ಡಪ್ಪ "ಗೊತ್ತಿಲ್ಲ" ಅಂದರು. ಸಾಲು ಸಾಲಾಗಿ ಎಲ್ಲರೂ ಅಂದರು. ನನಗೆ ಏನಾಯಿತೋ, ಹೋಗಿ ಗುಬ್ಬಿಯ ಪಕ್ಕ ನಿಂತಿದ್ದೆ. ಭಾವ ನನ್ನ ಕಡೆ ತಿರುಗಿ, "ಇದನ್ನ ಕಲಿಸಿದವರು ಇವರೇ. ಉತ್ತರ ಹೇಳಮ್ಮಾ, ಆಮೇಲೆ ಹೇಳಬೇಕಾದ್ದೂ ಹೇಳು" ಅಂದರು. ನಾನು "ಗೊತ್ತಿಲ್ಲ ಸಾರ್" ಅಂದೆ.

ಆ ಮೇಡಂ, "ಕಲಿಸೋದು ನೀವೇ ಅಲ್ವಾ?" ಅಂದರು. ಹೌದು ಅಂದೆ. "ಮತ್ತೆ?" "ನನಗಿಂತ ದೊಡ್ಡವರು ಗೊತ್ತಿಲ್ಲ ಅಂದ್ರಲ್ಲ ಮೇಡಂ" ಅಂದೆ. ಅಷ್ಟರಲ್ಲಿ ದೊಡ್ಡಪ್ಪ ಹೆಲ್ಮೆಟ್ ತೆಗೆದರು, ಕೈಯಲ್ಲಿ ತಿರುವುತ್ತಾ, "ಟೀಚರಮ್ಮಂಗೆ ಗೊತ್ತು. ಈ ಮಕ್ಕಳಿಗೂ ಗೊತ್ತು. ಗೊತ್ತಿಲ್ದೇ ಇರೋನು ನಾನೊಬ್ನೇ" ಅಂದರು. ಸಾಲಿನ ಕಡೆ ತಿರುಗಿ, "ನಂಗೋಸ್ಕರ ಕಾಯಬೇಡಿ. ಹೇಳಮ್ಮಾ" ಅಂದರು. ಗುಬ್ಬಿ ಅಳುತ್ತಾ ಹೇಳಿದಳು ರೀ, ಜಾಸ್ತಿಯಾಗುತ್ತೆ ಅಂತ, ಯಾಕೆ ಅಂತ, ಯಾವ ಹಗ್ಗಕ್ಕೆ ಎಷ್ಟರವರೆಗೆ ಅಂತ. ಉಳಿದವರೂ ಹೇಳಿದರು. ಮೇಡಂ ಎಲ್ಲರನ್ನೂ ಯಾರ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ದೊಡ್ಡಪ್ಪನ ಹತ್ತಿರ ನಾನೇ ಕೇಳಿಕೊಂಡೆ, ಕೂಗು ಅಂತ ಅವರ ಬಾಯಿಂದಲೇ ಹೇಳಿಸಿದೆ. ಅವರ ತಪ್ಪು ಸನ್ನೆಗೆ ಮರಳಿನ ಚೀಲ ಅಡ್ಡ ಹೊರಟ ಕೂಡಲೇ ಗುಬ್ಬಿ "ನಿಲ್ಸಿ!" ಅಂತ ಕೂಗಿದಳು. ಬೆಕ್ಕಿನ ಮರಿ ಕೂಗಿದ ಹಾಗಿತ್ತು, ಆದರೆ ಕ್ರೇನ್ ನಿಂತಿತು. ಒಂದು ತಿಂಗಳು ಕೊಟ್ಟಿದ್ದಾರೆ. ದೊಡ್ಡಪ್ಪ ಕೊಕ್ಕೆಯ ಕೆಲಸ ತನಗೆ ಬೇಡ, ಹಗ್ಗಗಳನ್ನು ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ಕುರ್ಚಿಯ ಮಾತು ಯಾರೂ ಎತ್ತಲಿಲ್ಲ.

ಭಾವ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಟಿವಿ ಹಾಕಲಿಲ್ಲ. ಅಕ್ಕನಿಗೆ ಹೆದರಿಕೆಯಾಗಿ ಮಗಳನ್ನು ಕರೆದುಕೊಂಡು ಮಹಡಿಗೆ ಹೋದರು, ಬೈಯದೆ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಆಮೇಲೆ ಭಾವ ಅಡುಗೆಮನೆಗೆ ಬಂದರು. ಬಕೆಟ್ ನೋಡಿದರು, ನಲ್ಲಿ ನೋಡಿದರು. "ನನ್ನೆದುರಿಗೆ ಎಷ್ಟು ಸಲ ಗೊತ್ತಿದ್ದೂ ಗೊತ್ತಿಲ್ಲ ಅಂದಿದ್ದೀಯಮ್ಮಾ?" ಅಂತ ಕೇಳಿದರು. ನಾನು ತಲೆ ತಗ್ಗಿಸಿದೆ. "ಅವನೂ ಹಾಗೇ ಏನಾದ್ರೂ ಅಂದ್ನಾ?" ಅಂದರು. ಅವನು ಅಂದರೆ ನೀವು. "ಬರ್ತೀನಿ ಭಾವ, ಎರಡು ಸಾಲು ಬರೆದು ಮುಗಿಸಿ ಬರ್ತೀನಿ" ಅಂದೆ. ಹೊರಗಿನ ಕೋಣೆಯಲ್ಲಿ ಕಾಯುತ್ತಾ ಕೂತಿದ್ದಾರೆ. ಅವರು ಯಾರಿಗಾದರೂ ಕಾದದ್ದನ್ನು ನೀವು ನೋಡಿದ್ದೀರಾ?

ಹೇಳಿಬಿಡುತ್ತೇನೆ ರೀ. ಮಗಳ ತಲೆ ಮೇಲೆ ಕೈ ಇಟ್ಟದ್ದು ನಾನು, ಆ ಪಾಪ ನನಗೇ ಇರಲಿ. ಬೈಯುವುದಿದ್ದರೆ ಕಾಗದದಲ್ಲಿ ಬೇಡ, ಬಂದು ಎದುರಿಗೇ ಬೈಯಿರಿ.